ಬಾಚಣಿಗೆಗೆ ಬಂದದ್ದು

ಟೊರಾಂಟೊ
ಮೇ 12, 1974

ಅಮ್ಮಾ,

ಈಸ್ಟರ್‌ಗೆ ತೆಗೆಸಿದ ಫೋಟೊ ಬಂತು. ಫ್ರಾಕು ಚೆನ್ನಾಗಿದೆ, ಸಾಕ್ಸು ಚೆನ್ನಾಗಿದೆ. ಪರ್ಲೀನ್ ಮುಖದಲ್ಲಿ ಒಂದು ಚೂರು ನಗುವಿದ್ದಿದ್ದರೆ ಅದೂ ಚೆನ್ನಾಗಿರುತ್ತಿತ್ತು. ಆದರೆ ತಲೆಗೆ ಯಾಕೆ ವಸ್ತ್ರ ಕಟ್ಟಿದ್ದೀಯ? ಈಸ್ಟರ್ ದಿನ, ಚರ್ಚಿನ ಮೆಟ್ಟಿಲ ಮೇಲೆ, ಎಂಟು ವರ್ಷದ ಹುಡುಗಿಗೆ ಮುದುಕಿಯ ಹಾಗೆ ತಲೆವಸ್ತ್ರ! ನೀನು ಹಾಕಿದ ಜಡೆ ನೋಡಬೇಕೆಂದೇ ನಾನು ಆ ಫೋಟೊ ಕೇಳಿದ್ದು.

ಇಲ್ಲಿ ನನ್ನ ಕೆಲಸ ಮೊದಲಿನಂತೆಯೇ ಇದೆ. ಯಜಮಾನಿಗೆ ಸೂಪು, ಯಜಮಾನಿಯ ಹಾಸಿಗೆ, ಯಜಮಾನಿಯ ಬೆಕ್ಕು. ಆ ಬೆಕ್ಕಿನ ಮೈಮೇಲೆ ಬೆರಳುದ್ದ ಬಿಳಿ ರೋಮ. ದಿನಾ ಬಾಚಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆಯಂತೆ. ನನ್ನ ಮಗಳ ತಲೆ ಬಾಚಬೇಕಾದ ಕೈ ಬೆಕ್ಕಿನ ಬೆನ್ನು ಬಾಚುತ್ತಿದೆ. ನಗು ಬಂದರೆ ನಗು.

ಈ ಪೊಟ್ಟಣದಲ್ಲಿ ತಲೆಗೆ ಹಚ್ಚುವ ಒಂದು ಡಬ್ಬಿ ಕ್ರೀಮು ಇದೆ. ಇಲ್ಲಿನ ನಮ್ಮ ಹೆಂಗಸರೆಲ್ಲ ಅದನ್ನೇ ಹಚ್ಚುತ್ತಾರೆ. ನಿನ್ನ ಎಣ್ಣೆಗೆ ಅವಮಾನ ಮಾಡುತ್ತಿಲ್ಲ, ಸುಮ್ಮನೆ ಹಚ್ಚಿ ನೋಡು. ಬಾಚಣಿಗೆಗೆ ಬಂದ ಕೂದಲನ್ನು ಸುಡು ಎಂದು ನಿನಗೆ ಹೇಳಬೇಕಾಗಿಲ್ಲ. ನಾನು ಇಲ್ಲಿಯೂ ನನ್ನದನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ. ಗ್ಯಾಸ್ ಒಲೆಯಲ್ಲಿ ಸುಟ್ಟು, ವಾಸನೆ ಹೋಗಲೆಂದು ಕಿಟಕಿ ತೆಗೆದು, ಚಳಿಗೆ ನಡುಗುತ್ತಾ ನಿಂತಿರುತ್ತೇನೆ.

ನಿನ್ನ ಮಗಳು,
ಆಲ್ತಿಯಾ


ಲಾಗ್‌ವುಡ್ ಪೆನ್, ಜಮೈಕಾ
ಜೂನ್ 1, 1974

ಮಗಳು ಆಲ್ತಿಯಾಗೆ,

ತಲೆವಸ್ತ್ರ ಕಟ್ಟಿದ್ದು ಧೂಳಿಗೆ. ರಸ್ತೆಗೆ ಕೆಂಪು ಮಣ್ಣು ಸುರಿದಿದ್ದಾರೆ. ಚರ್ಚಿಗೆ ಹೋಗುವಷ್ಟರಲ್ಲಿ ಎಣ್ಣೆ ಹಚ್ಚಿದ ತಲೆ ಇಟ್ಟಿಗೆಯಾಗುತ್ತದೆ. ಅಷ್ಟೇ ವಿಷಯ.

ನಿನ್ನ ಕ್ರೀಮು ಮೂಸಿ ನೋಡಿದೆ. ಗಾಯಕ್ಕೆ ಕಟ್ಟುವ ಬಟ್ಟೆಯ ವಾಸನೆ. ಅಟ್ಟದ ಮೇಲೆ ಇಟ್ಟಿದ್ದೇನೆ, ಇರಲಿ. ಈ ಸಲದ ಹರಳು ತುಂಬ ಚೆನ್ನಾಗಿ ಬಂದಿದೆ. ಕಬ್ಬಿಣದ ಮಡಕೆಯಲ್ಲಿ ಕಪ್ಪಗಾಗುವ ತನಕ ಹುರಿದು, ಒರಳಿನಲ್ಲಿ ಕುಟ್ಟಿ, ಇಡೀ ದಿನ ಕುದಿಸಿ ಎಣ್ಣೆ ಬಸಿದೆ. ಕಾಫಿಯಷ್ಟು ಕಪ್ಪು, ಜೇನಿನಷ್ಟು ಮಂದ. ನನ್ನ ಅಮ್ಮ ಇದನ್ನು ಹಚ್ಚಿದಳು, ನಾನು ಹಚ್ಚಿದೆ, ನಿನಗೂ ಹಚ್ಚಿದೆ. ನಿನ್ನ ತಲೆಯಲ್ಲಿ ಈಗಲೂ ಕೂದಲಿದೆ ತಾನೆ?

ಅಂಚೆ ಕಚೇರಿಯ ಜಿಲ್ಪಾ ಕೂಡ ಈಗ ಎಣ್ಣೆ ಮಾರುತ್ತಿದ್ದಾಳೆ. ಅರ್ಧ ತೆಂಗಿನೆಣ್ಣೆ ಬೆರೆಸಿ, ಅಪ್ಪಟ ಹರಳೆಣ್ಣೆ ಎಂದು ಹೇಳುತ್ತಾಳೆ. ನನ್ನ ಒರಳನ್ನು ಎರವಲು ಒಯ್ದವಳು ಇನ್ನೂ ತಂದುಕೊಟ್ಟಿಲ್ಲ, ನಾನು ನನ್ನ ತಂಗಿಯ ಒರಳಿನಲ್ಲಿ ಕುಟ್ಟಬೇಕಾಯಿತು. ನಿನ್ನ ಪತ್ರ ಬಂದರೆ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿ ಆಮೇಲೆ ಕೊಡುತ್ತಾಳೆ.

ಪರ್ಲೀನ್ ಚೆನ್ನಾಗಿದ್ದಾಳೆ. ಶನಿವಾರ ಸಂಜೆ ಮೆಟ್ಟಿಲ ಮೇಲೆ ನನ್ನ ಮೊಣಕಾಲುಗಳ ನಡುವೆ ಕೂರಿಸಿಕೊಂಡು ತಲೆ ಬಾಚುತ್ತೇನೆ. ಬಾಚಣಿಗೆಗೆ ಬಂದದ್ದನ್ನು ಇಬ್ಬರೂ ಒಲೆಗೆ ಹಾಕಿ ನೋಡುತ್ತೇವೆ. ಹೋದ ವಾರ ಸೌದೆ ಒದ್ದೆಯಾಗಿತ್ತು, ಕೂದಲು ಭಗ್ಗನೆ ಉರಿಯದೆ ಬರೀ ಹೊಗೆಯಾಡಿತು. "ಉರೀಲಿಲ್ಲ ಅಂದ್ರೆ ಏನಾಗತ್ತೆ ಅಜ್ಜಿ?" ಅಂದಳು. ಉರಿದರೆ ದೀರ್ಘಾಯುಷ್ಯ ಎಂದು ನಾನೇ ಹೇಳಿಕೊಟ್ಟಿದ್ದೆನಲ್ಲ. "ಸೌದೆ ಹಸಿ ಕಣೇ, ಹೋಗು ಪಾತ್ರೆ ತೊಳಿ" ಅಂದೆ.

ನಿನ್ನ ಅಮ್ಮ,
ಐಸಿಲ್ಡಾ


ಟೊರಾಂಟೊ
ಜೂನ್ 20, 1974

ಅಮ್ಮಾ,

ಧೂಳಂತೆ, ಧೂಳು!

ಭಾನುವಾರ ಚರ್ಚಿನಲ್ಲಿ ನಮ್ಮೂರಿನ ಬೆರಿಲ್ ಸಿಕ್ಕಿದ್ದಳು. ಅವಳು ಊರಿನಿಂದ ಬಂದು ಇನ್ನೂ ವಾರವಾಗಿಲ್ಲ. "ನಿನ್ನ ಮಗಳ ತಲೆಗೆ ಏನಾಗಿದೆಯೇ? ಕಿವಿ ಹಿಂದೆ ಕೋಳಿಮೊಟ್ಟೆಯಷ್ಟಗಲ ಬೋಳಾಗಿದೆ. ಹೋಗ್ತಾ ಹೋಗ್ತಾ ಹಣೆಗೂ ಬರತ್ತೆ ನೋಡು" ಅಂದಳು, ಎಲ್ಲರ ಎದುರಿಗೆ. ನನಗೆ ಗೊತ್ತಿದೆ ಎಂಬಂತೆ ತಲೆಯಾಡಿಸಿದೆ. ನನ್ನ ಮಗಳ ಸುದ್ದಿಯನ್ನು ನಾನು ಬೆರಿಲ್ ಬಾಯಿಂದ ಕೇಳಬೇಕೆ?

ನೀನು ಜಡೆಯನ್ನು ಬಿಗಿಯಾಗಿ ಎಳೆಯುತ್ತೀಯ. ನನಗೂ ಹಾಗೆಯೇ ಎಳೆಯುತ್ತಿದ್ದೆ, ಹುಬ್ಬು ಹಣೆಗೇರುತ್ತಿತ್ತು. ಅದರ ಮೇಲೆ ಆ ಮಂದ ಎಣ್ಣೆ ಮೆತ್ತಿ ಉಸಿರುಗಟ್ಟಿಸುತ್ತೀಯ. ಇನ್ನು ಮೇಲೆ ಎಣ್ಣೆ ಬೇಡ. ಅಟ್ಟದ ಮೇಲಿನ ಡಬ್ಬಿ ಇಳಿಸಿ ಕ್ರೀಮು ಹಚ್ಚು. ಮತ್ತೆ ಇನ್ನೇನು ಮುಚ್ಚಿಡುತ್ತಿದ್ದೀಯ, ಅದನ್ನೂ ಬರೆ.

ಆಲ್ತಿಯಾ


ಲಾಗ್‌ವುಡ್ ಪೆನ್
ಜುಲೈ 8, 1974

ಆಲ್ತಿಯಾ,

ಹೇಳುತ್ತೇನೆ ಕೇಳು. ನಿನ್ನನ್ನು ಹೆದರಿಸಬಾರದೆಂದು ಸುಮ್ಮನಿದ್ದೆ. ಈಗ ನನಗೇ ಹೆದರಿಕೆಯಾಗಿದೆ.

ಮಗುವಿನ ಕೂದಲು ಹೋಗುತ್ತಿದೆ. ನೀನು ಹೋದ ಮೇಲೆಯೇ ಶುರುವಾಯಿತು. ಮೊದಲು ಎಡಗಿವಿಯ ಹಿಂದೆ, ಈಗ ನೆತ್ತಿಯ ಹತ್ತಿರವೂ. ಬಿಗಿ ಜಡೆ ಎಂದೆಯಲ್ಲ, ಮಾರ್ಚ್‌ನಿಂದ ಜಡೆಯನ್ನೇ ಹಾಕಿಲ್ಲ. ಲೋಳೆಸರ ಹಚ್ಚಿದೆ. ಪಾಪಾಸುಕಳ್ಳಿಯ ಲೋಳೆಯಲ್ಲಿ ತಲೆ ತೊಳೆದೆ. ರೋಸ್ಮರಿ ಕುದಿಸಿ ಆರಿಸಿ ಹಾಕಿದೆ. ಬೆಣ್ಣೆಹಣ್ಣಿಗೆ ಮೊಟ್ಟೆ ಕಲಸಿ ಮೆತ್ತಿ ಬಿಸಿಲಲ್ಲಿ ಕೂರಿಸಿದರೆ, ಕೋಳಿಗಳು ಬಂದು ಅವಳ ತಲೆ ಕುಕ್ಕಿದವು. ಅವಳು ಕಡೆಯ ಸಲ ನಕ್ಕದ್ದು ಅವತ್ತೇ. ನಿನ್ನ ಕ್ರೀಮನ್ನೂ ಹಚ್ಚಿದೆ, ಸುಳ್ಳು ಹೇಳುವುದಿಲ್ಲ. ಯಾವುದೂ ಹತ್ತಲಿಲ್ಲ.

ನನ್ನ ಹೆದರಿಕೆ ಅದಲ್ಲ. ಉದುರುವ ಕೂದಲು ಎಲ್ಲಿಯಾದರೂ ಬಿದ್ದಿರಬೇಕಲ್ಲ? ಬಿಳಿ ದಿಂಬಿನ ಚೀಲ ಹಾಕಿದೆ, ಬೆಳಿಗ್ಗೆ ಒಂದೆಳೆ ಇಲ್ಲ. ನೆಲ ಗುಡಿಸಿ ಕಸ ಕೆದಕಿ ನೋಡಿದೆ, ಇಲ್ಲ. ಬಾಚಣಿಗೆಗೆ ಬರುವುದು ಎಲ್ಲ ಮಕ್ಕಳಿಗೂ ಬರುವಷ್ಟೇ. ತಲೆಯಿಂದ ಹೋದದ್ದು ಎಲ್ಲಿಗೆ ಹೋಯಿತು, ಆಲ್ತಿಯಾ? ಯಾರೋ ಒಯ್ಯುತ್ತಿದ್ದಾರೆ. ಒಯ್ದವರು ಅದನ್ನು ಸುಮ್ಮನೆ ಇಟ್ಟುಕೊಳ್ಳುವುದಿಲ್ಲ.

ಯಾರೆಂದು ನೀನು ಕೇಳಬಹುದು. ನಮ್ಮ ಮನೆಯ ಬೇಲಿಗೆ ಬೇಲಿ ತಾಗಿಕೊಂಡಿರುವವಳು ಒಬ್ಬಳೇ. ಏಪ್ರಿಲ್‌ನಲ್ಲಿ ಜಿಲ್ಪಾ ಅಂಚೆ ಕಚೇರಿಯಲ್ಲಿ ಮಗುವಿನ ತಲೆ ಸವರಿ, "ಎಷ್ಟು ಮೆತ್ತಗಿದೆಯೇ ನಿನ್ನ ಕೂದ್ಲು!" ಅಂದಳಂತೆ. ಅವಳ ಗಂಡನ ಅಕ್ಕ ಮಾಟದವರ ಮನೆಗೆ ಓಡಾಡುವುದು ಊರಿಗೇ ಗೊತ್ತು. ಅವತ್ತೇ ನಾನು ಪರ್ಲೀನ್‌ಳನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದೆ. "ನೋಡು ಮಗಾ, ನಿನ್ನ ಒಂದೆಳೆ ಕೂದ್ಲು ಕೂಡಾ ಯಾರ ಕೈಗೂ ಸಿಗಬಾರ್ದು. ಸಿಕ್ರೆ ನಿನ್ನ ಅಮ್ಮ ನಿನ್ನನ್ನ ಮತ್ತೆ ನೋಡಲ್ಲ, ತಿಳೀತಾ?" ಹೆದರಿಸಿದರೆ ಮಗು ಜೋಪಾನವಾಗಿರುತ್ತದೆ. ಅಂದಿನಿಂದ ಮನೆಯ ಗೇಟಿಗೆ ಬೀಗ ಹಾಕಿದ್ದೇನೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ.

ಜಿಲ್ಪಾಳ ಕಚೇರಿಗೆ ಇನ್ನು ನಾನು ಕಾಲಿಡುವುದಿಲ್ಲ. ಗುಡ್ಡದಾಚೆ ಬೆಥೆಲ್ ಅಂಚೆಗೆ ನಡೆದುಹೋಗುತ್ತೇನೆ. ನೀನೂ ಅಲ್ಲಿಗೇ ಬರೆ.

ಮಗು ಸರಿಯಾಗಿ ಉಣ್ಣುತ್ತಿಲ್ಲ. ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಾಳೆ. ಕಾಡುಹಾಗಲದ ಕಷಾಯ ಕೊಡುತ್ತಿದ್ದೇನೆ. ಕೆಳಗೆ ಅವಳೇ ಬರೆದಿದ್ದಾಳೆ.

ಅಮ್ಮ

ಪ್ರೀತಿಯ ಅಮ್ಮ, ನಾನು ಜಾಣೆ. ನನ್ನ ಕೂದಲು ಯಾರಿಗೂ ಸಿಗಲ್ಲ. ಯಾರಿಗೂ ಸಿಗದ ಜಾಗದಲ್ಲಿ ಇಟ್ಟಿದ್ದೀನಿ. ನೀನು ಬಾ. ಪರ್ಲೀನ್.


ಟೊರಾಂಟೊ
ಜುಲೈ 25, 1974

ಅಮ್ಮಾ,

ಹೋದ ಪತ್ರದಲ್ಲಿ ಬಾಯಿಗೆ ಬಂದ ಹಾಗೆ ಬರೆದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮಾಟದ ಮಾತು ಓದಿ ಮೊದಲು ನಕ್ಕೆ. ಇಲ್ಲಿ ಬಸ್ಸಿದೆ, ಲಿಫ್ಟಿದೆ, ಮಾಟ ಎಲ್ಲಿಂದ ಬರಬೇಕು ಎಂದುಕೊಂಡೆ. ಆಮೇಲೆ ಬೆಕ್ಕು ಬಾಚುತ್ತಾ ಕೂತಿದ್ದವಳು ಬಾಚಣಿಗೆ ಕೆಳಗಿಟ್ಟು ನಿನ್ನ ಪತ್ರವನ್ನು ಮತ್ತೆ ಓದಿದೆ. ದಿಂಬಿನ ಮೇಲೂ ಇಲ್ಲ, ನೆಲದ ಮೇಲೂ ಇಲ್ಲ ಎಂದರೆ ಏನರ್ಥ? ಮಗುವನ್ನು ಚಿಕ್ಕಮ್ಮನ ಮನೆಗೆ ಕಳಿಸಿಬಿಡು. ಜಿಲ್ಪಾಳ ಕಣ್ಣಿಂದ ದೂರವಿರಲಿ. ಡಾಕ್ಟರಿಗೂ ಒಮ್ಮೆ ತೋರಿಸು.

ಅವಳ ನಾಲ್ಕು ಸಾಲು ಓದಿ ಸ್ವಲ್ಪ ಧೈರ್ಯ ಬಂತು. ಪುಟ್ಟ ಡಬ್ಬಿಯಲ್ಲೋ ಗೋಡೆಯ ಬಿರುಕಿನಲ್ಲೋ ಮುಚ್ಚಿಟ್ಟಿರಬೇಕು. ನಾನೂ ಚಿಕ್ಕವಳಿದ್ದಾಗ ಬಿದ್ದ ಹಲ್ಲನ್ನು ಹಾಗೆಯೇ ಇಡುತ್ತಿದ್ದೆ. ಇದನ್ನು ಅವಳಿಗೆ ಓದಿ ಹೇಳು:

ಪರ್ಲೀನ್, ನನ್ನ ಬಂಗಾರ, ನೀನು ಬಹಳ ಜಾಣೆ. ಹೀಗೆಯೇ ಜೋಪಾನವಾಗಿ ಇಡು. ಎಲ್ಲಿ ಇಟ್ಟಿದ್ದೀಯ ಎಂದು ಅಮ್ಮನಿಗೆ ಒಬ್ಬಳಿಗೇ ಗುಟ್ಟಾಗಿ ಬರೆ. ಅಜ್ಜಿಗೂ ಹೇಳಬೇಡ.

ಆಲ್ತಿಯಾ


ಲಾಗ್‌ವುಡ್ ಪೆನ್
ಆಗಸ್ಟ್ 14, 1974

ಆಲ್ತಿಯಾ,

ಚಿಕ್ಕಮ್ಮನ ಮನೆಗೆ ಕಳಿಸಲಾಗಲಿಲ್ಲ. ಮಗು ಹಾಸಿಗೆ ಹಿಡಿದಿದ್ದಾಳೆ.

ತಿಂದದ್ದು ನಿಲ್ಲುತ್ತಿಲ್ಲ. ಬೆಳಿಗ್ಗೆ ಜೋಳದ ಗಂಜಿ ಕೊಟ್ಟರೆ ಮಧ್ಯಾಹ್ನದೊಳಗೆ ಕಕ್ಕುತ್ತಾಳೆ. ಕೈಗಳು ಕಡ್ಡಿಯಾಗಿವೆ. ನಿನ್ನೆ ಹೊಟ್ಟೆಗೆ ಎಣ್ಣೆ ನೀವುವಾಗ ಪಕ್ಕೆಲುಬಿನ ಕೆಳಗೆ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ನನ್ನ ಮುಷ್ಟಿಗಿಂತ ದೊಡ್ಡದು. ಒತ್ತಿದರೆ ಜಾರುತ್ತದೆ. ಬೆಥೆಲ್‌ಗೆ ತಿಂಗಳಿಗೊಮ್ಮೆ ಬರುವ ಡಾಕ್ಟರು ಈ ತಿಂಗಳು ಬರಲೇ ಇಲ್ಲ. ಅಲ್ಲಿನ ದಾದಿ ದೂರದಿಂದ ನೋಡಿ ಹುಳುವಿನ ಗಂಟು ಇರಬಹುದು ಎಂದಳು. ನನಗೂ ಹಾಗೆಯೇ ಅನ್ನಿಸುತ್ತದೆ. ಆ ಹುಳು ಎಲ್ಲಿಂದ ಬಂತು, ಯಾರು ಕಳಿಸಿದರು ಎಂಬುದು ಬೇರೆ ಮಾತು.

ಶಾಲೆ ಶುರುವಾಗುವುದು ಸೆಪ್ಟೆಂಬರ್ ಎರಡರಂದು. ಅದರ ಹಿಂದಿನ ಶನಿವಾರ, ಮೂವತ್ತೊಂದಕ್ಕೆ, ಎಲ್ಲ ಮಕ್ಕಳಿಗೂ ಮಾಡುವಂತೆ ಇವಳಿಗೂ ಹೊಟ್ಟೆ ತೊಳೆಸುತ್ತೇನೆ. ರಜೆಯಲ್ಲಿ ತಿಂದ ಮಾವು, ಮಣ್ಣು, ಹುಳು ಎಲ್ಲ ಹೋಗುತ್ತದೆ. ಈ ಸಲ ಹರಳೆಣ್ಣೆಯನ್ನು ಎರಡರಷ್ಟು ಕೊಡುತ್ತೇನೆ, ಸೋನಾಮುಖಿಯನ್ನೂ ಕುದಿಸಿ ಸೇರಿಸುತ್ತೇನೆ. ಆ ಗಂಟು ಒಡೆದು ಹೊರಗೆ ಬಂದೇ ಬರಬೇಕು. ಅಲ್ಲಿಯ ತನಕ ಸ್ವಲ್ಪ ಬಲ ಬರಲೆಂದು ಸಾರು ಕುಡಿಸುತ್ತಿದ್ದೇನೆ. ತಲೆ ಕಾಪಾಡಲಾಗದ ನನ್ನ ಎಣ್ಣೆ ಹೊಟ್ಟೆಯನ್ನಾದರೂ ಕಾಪಾಡಲಿ.

ಗುಟ್ಟು ಎಂದು ಹೇಳಿ ಅವಳು ತನ್ನ ಚೀಟಿಯನ್ನು ತಾನೇ ಮಡಿಸಿ ಅಂಟಿಸಿದ್ದಾಳೆ. ನಾನು ಓದಿಲ್ಲ.

ಪ್ರಾರ್ಥನೆ ಮಾಡು.
ಅಮ್ಮ

ಅಮ್ಮ, ನಿನಗೊಬ್ಬಳಿಗೇ ಹೇಳ್ತೀನಿ. ಅಜ್ಜಿ ಸುಟ್ಟಾಗ ಉರೀಲಿಲ್ಲ, ಅದಕ್ಕೆ ಒಲೆಗೆ ಕೊಡಲ್ಲ. ಮಿಸ್ ಜಿಲ್ಪಾಗೂ ಸಿಗಬಾರದು. ನಿನ್ನ ನೆನಪಾದಾಗ ಕೂದಲು ಬೆರಳಿಗೆ ಸುತ್ಕೋತೀನಿ, ಬಂದುಬಿಡತ್ತೆ. ಬಂದಿದ್ದು ನನ್ನ ಹತ್ರಾನೇ ಇದೆ. ಯಾರೂ ತೆಗೆಯಕ್ಕಾಗಲ್ಲ. ರಾತ್ರಿ ಒಳಗಿಂದ ಚುಚ್ಚತ್ತೆ, ಆದ್ರೂ ನಾನು ಅಳಲ್ಲ.


ಟೊರಾಂಟೊ
ಆಗಸ್ಟ್ 28, 1974

ಅಮ್ಮಾ ಅಮ್ಮಾ,

ಎಣ್ಣೆ ಕುಡಿಸಬೇಡ. ಈ ಪತ್ರ ನಿನ್ನ ಕೈಗೆ ಸಿಗುವಷ್ಟರಲ್ಲಿ ಶನಿವಾರ ಕಳೆದಿರುತ್ತದೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಬರೆಯದೆ ಕೂತರೆ ಹುಚ್ಚು ಹಿಡಿಯುತ್ತದೆ.

ನಿನ್ನ ಪತ್ರ ಬೆಳಿಗ್ಗೆ ಬಂತು. ಅವಳ ಚೀಟಿಯನ್ನು ಎರಡು ಸಲ ಓದಿದೆ, ಅರ್ಥವಾಗಲಿಲ್ಲ. ಅದನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಕೆಲಸಕ್ಕಿಳಿದೆ. ಮಧ್ಯಾಹ್ನ ಬೆಕ್ಕು ಅಡುಗೆಮನೆಯ ನೆಲದ ಮೇಲೆ ಬೆನ್ನು ಗೂನು ಮಾಡಿ ಕೆಮ್ಮಿ ಕೆಮ್ಮಿ ಏನೋ ಕಕ್ಕಿತು. ಒರೆಸಲು ಬಗ್ಗಿದೆ. ಕೂದಲಿನ ಉಂಡೆ. ತನ್ನ ಮೈ ನೆಕ್ಕಿ ನೆಕ್ಕಿ ನುಂಗಿದ್ದು. ಒದ್ದೆ ಬಟ್ಟೆ ಕೈಯಲ್ಲೇ ಇತ್ತು, ಜೇಬಿನಿಂದ ಚೀಟಿ ತೆಗೆದು ಮತ್ತೆ ಓದಿದೆ.

ಅವಳು ನುಂಗುತ್ತಿದ್ದಾಳಮ್ಮಾ. ಯಾರೂ ಒಯ್ಯುತ್ತಿಲ್ಲ. ನಮ್ಮ ಮಗು ತನ್ನ ಕೂದಲನ್ನು ತಾನೇ ಕಿತ್ತು ನುಂಗುತ್ತಿದ್ದಾಳೆ. ಯಾರ ಕೈಗೂ ಸಿಗಬಾರದೆಂದು ನಾವೇ ಹೇಳಿದ್ದೆವಲ್ಲ. ಹುಳುವಲ್ಲ ಅದು. ನೀನು ಕೈಯಿಂದ ಮುಟ್ಟಿದ್ದು ಕೂದಲಿನ ಗಂಟು. ಚರ್ಚಿನಲ್ಲಿ ಪರಿಚಯವಾದ ನರ್ಸ್ ಒಬ್ಬಳ ಮನೆಗೆ ಓಡಿಹೋಗಿ ಕೇಳಿದೆ. "ಅಷ್ಟು ದೊಡ್ಡ ಗಂಟಿರೋವಾಗ ಭೇದಿಗೆ ಕೊಟ್ರೆ ಒಳಗೆ ಹರಿದುಹೋಗಬಹುದು ಕಣೇ, ಕೂಡ್ಲೇ ಆಸ್ಪತ್ರೆಗೆ ಸೇರಿಸ್ಬೇಕು" ಅಂದಳು. ಅಂಥ ಮಗುವಿಗೆ ನೀನು ಎರಡರಷ್ಟು ಕುಡಿಸುತ್ತೇನೆ ಎಂದು ಬರೆದಿದ್ದೀಯ. ಮತ್ತೆ ನಾನು, ಹೀಗೆಯೇ ಜೋಪಾನವಾಗಿ ಇಡು ಎಂದು ಬರೆದೆ! ಅಜ್ಜಿಗೂ ಹೇಳಬೇಡ ಎಂದೆ!

ಸಂಜೆ ತಂತಿ ಕಳಿಸಿದೆ. ಬೆಥೆಲ್ ಅಂಚೆಗೆ ತಂತಿ ಹೋಗುವುದಿಲ್ಲವಂತೆ. ಜಿಲ್ಪಾಳ ಕಚೇರಿಗೇ ಕಳಿಸಬೇಕಾಯಿತು. ನೀನು ಅಲ್ಲಿ ಕಾಲಿಡುವುದಿಲ್ಲ. ಅವಳಿಗೆ ನೀನು ಗೇಟು ತೆಗೆಯುವುದಿಲ್ಲ. ದೇವರೇ, ಅವಳಿಗೆ ಗೇಟು ತೆಗಿ ಅಮ್ಮಾ.

ಆಲ್ತಿಯಾ


ಟೊರಾಂಟೊ
ಆಗಸ್ಟ್ 31, 1974. ಬೆಳಿಗ್ಗೆ

ಅಮ್ಮಾ,

ಇವತ್ತು ಶನಿವಾರ. ಉತ್ತರ ಬಂದಿಲ್ಲ.

ನೀನು ಹೊಟ್ಟೆ ತೊಳೆಸುವುದು ಖಾಲಿ ಹೊಟ್ಟೆಗೆ, ಬಿಸಿಲೇರುವ ಮೊದಲು. ಎಣ್ಣೆಯನ್ನು ಬಿಸಿ ಮಾಡಿ, ಕಿತ್ತಳೆ ರಸ ಹಿಂಡಿ, ಮೂಗು ಹಿಡಿದು ಕುಡಿಸುತ್ತೀಯ. ನನಗೆ ಆ ಲೋಟ ಕಣ್ಣಿಗೆ ಕಟ್ಟಿದಂತಿದೆ. ಅಂಚಿನಲ್ಲಿ ನೀಲಿ ಬಣ್ಣ ಎದ್ದಿರುವ ತಗಡಿನ ಲೋಟ. ಈಗ ಒಲೆ ಹೊತ್ತಿಸಿರುತ್ತೀಯ.

ಇದನ್ನು ಅಂಚೆಗೆ ಹಾಕುವುದಿಲ್ಲ. ಯಾರೊಂದಿಗಾದರೂ ಮಾತಾಡಬೇಕಿತ್ತು.


ತಂತಿ
ಲಾಗ್‌ವುಡ್ ಪೆನ್ ಅಂಚೆ, ಆಗಸ್ಟ್ 31

ಒಂದೇ ಗುಟುಕು ಕುಡಿದಿದ್ದಾಳೆ. ಆಸ್ಪತ್ರೆಗೆ ಸೇರಿಸಿದೆವು. ಜೀವ ಇದೆ. ಜಿಲ್ಪಾ


ಲಾಗ್‌ವುಡ್ ಪೆನ್
ಸೆಪ್ಟೆಂಬರ್ 9, 1974

ಆಲ್ತಿಯಾ, ನನ್ನ ಮಗಳೇ,

ಆಪರೇಷನ್ ಆಯಿತು. ಮಗು ಬದುಕಿದ್ದಾಳೆ. ಕೊಳವೆಯಲ್ಲಿ ಹನಿಹನಿಯಾಗಿ ಆಹಾರ ಹೋಗುತ್ತಿದೆ. ಬಟ್ಟೆ ಬದಲಿಸಲು ಮನೆಗೆ ಬಂದೆ, ನಾಳೆ ಬೆಳಿಗ್ಗೆ ಮತ್ತೆ ಹೋಗುತ್ತೇನೆ.

ನಡೆದದ್ದನ್ನು ನನ್ನ ಕೈಯಿಂದಲೇ ಬರೆಯಬೇಕು. ಗುರುವಾರ ಜಿಲ್ಪಾ ಗೇಟಿಗೆ ಬಂದಳು. ನಾನು ನಾಯಿ ಬಿಟ್ಟೆ. ಶುಕ್ರವಾರ ಮತ್ತೆ ಬಂದಳು. "ಐಸಿಲ್ಡಾ, ಕೆನಡಾದಿಂದ ತಂತಿ! ಮಗೂ ವಿಷ್ಯ!" ಎಂದು ಕೂಗಿ ಕಾಗದವನ್ನು ಗೇಟಿನ ಕೆಳಗೆ ತೂರಿಸಿದಳು. ನಾನು ಅದನ್ನು ಇಕ್ಕಳದಲ್ಲಿ ಹಿಡಿದು ತಂದು ಒಲೆಗೆ ಹಾಕಿದೆ. ಅವಳ ಕೈಯಿಂದ ಬಂದದ್ದನ್ನು ಮುಟ್ಟಬಾರದು ಎಂದುಕೊಂಡೆ. ಓದಲಿಲ್ಲ. ನಿನ್ನ ತಂತಿಯನ್ನು ನಾನು ಓದದೆ ಸುಟ್ಟೆ, ಆಲ್ತಿಯಾ. ಅದು ಚೆನ್ನಾಗಿಯೇ ಉರಿಯಿತು.

ಶನಿವಾರ ಬೆಳಿಗ್ಗೆ ಮಗುವನ್ನು ಮೆಟ್ಟಿಲ ಮೇಲೆ ಕೂರಿಸಿ ಮೂಗು ಹಿಡಿದು ಲೋಟ ಬಾಯಿಗಿಟ್ಟೆ. ಒಂದು ಗುಟುಕು ಒಳಗೆ ಹೋಯಿತು. ಅಷ್ಟರಲ್ಲಿ ಬೇಲಿಯಾಚೆ ಜಿಲ್ಪಾ, ಮನೆಯಲ್ಲಿ ಉಡುವ ಹರಕು ಲಂಗದಲ್ಲಿ, ನೀರಿನ ತೊಟ್ಟಿಯ ಮೇಲೆ ಹತ್ತಿ ನಿಂತಿದ್ದಳು. ತಂತಿಯ ಮಾತನ್ನು ಬಾಯಿಪಾಠ ಮಾಡಿಕೊಂಡು ಇಡೀ ಊರಿಗೆ ಕೇಳುವಂತೆ ಕಿರುಚಿದಳು.

"ಎಣ್ಣೆ ಕುಡಿಸಬೇಡ! ಹೊಟ್ಟೆಯಲ್ಲಿ ಕೂದಲಿದೆ! ಆಸ್ಪತ್ರೆಗೆ ಕರೆದೊಯ್ಯಿ! ನಿನ್ನ ಮಗಳು ಬರೆದಿರೋದು ಇದು, ಕೇಳೇ ಹಠಮಾರಿ!"

"ಮುಚ್ಚೇ ಬಾಯಿ! ಮಗೂ ಹೊಟ್ಟೇಲಿ ಕೂದ್ಲು ಹಾಕ್ದೋಳು ನೀನೇ ಅಲ್ವೇನೇ?" ಅಂದೆ ನಾನು. ನನಗೆ ಅದು ಮಂತ್ರದ ಹಾಗೆ ಕೇಳಿಸಿತು. ಬೇಗ ಕುಡಿಸಿಬಿಡಬೇಕೆಂದು ಲೋಟವನ್ನು ಮತ್ತೆ ಎತ್ತಿದೆ.

ಪರ್ಲೀನ್ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಅವ್ರು ಹಾಕಿಲ್ಲ ಅಜ್ಜಿ" ಅಂದಳು. "ನಾನೇ ನುಂಗಿದ್ದು. ಯಾರ ಕೈಗೂ ಸಿಗಬಾರ್ದು ಅಂದ್ಯಲ್ಲ."

ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ. ಗೇಟಿನ ಬೀಗದ ಕೈ ಸಿಗಲಿಲ್ಲ. ಜಿಲ್ಪಾ ತನ್ನ ಒನಕೆಯಲ್ಲಿ ಬಡಿದು ಬೀಗ ಮುರಿದಳು. ಬಾಳೆಕಾಯಿ ಲಾರಿಯನ್ನು ಅಡ್ಡಹಾಕಿ ನಿಲ್ಲಿಸಿದವಳೂ ಅವಳೇ. ದಾರಿಯುದ್ದಕ್ಕೂ ಮಗು ನನ್ನ ಮಡಿಲಲ್ಲಿ, ಮಗುವಿನ ಕಾಲು ಅವಳ ಮಡಿಲಲ್ಲಿ.

ಆಪರೇಷನ್ ಮಾಡಿದ ಡಾಕ್ಟರು ಆ ಕೂದಲಿನ ಗಂಟನ್ನು ಒಂದು ಬೇಸಿನ್‌ನಲ್ಲಿ ತಂದು ತೋರಿಸಿದರು. ಮಗುವಿನ ಹೊಟ್ಟೆ ಯಾವ ಆಕಾರದಲ್ಲಿದೆಯೋ ಅದೇ ಆಕಾರ, ಕೆಳಗೊಂದು ಬಾಲ. ಕಪ್ಪಗೆ ಹೊಳೆಯುತ್ತಿತ್ತು. ತಿಂಗಳುಗಟ್ಟಲೆ ನಾನು ಹಚ್ಚಿದ ಎಣ್ಣೆಯೆಲ್ಲ ಅದರಲ್ಲಿತ್ತು. "ಆ ಲೋಟ ಪೂರ್ತಿ ಕುಡಿಸಿದ್ದಿದ್ರೆ ನಾವು ಏನೂ ಮಾಡಕ್ಕಾಗ್ತಿರ್ಲಿಲ್ಲಮ್ಮ" ಅಂದರು.

ಅದನ್ನು ಎಸೆಯಬೇಡಿ ಎಂದು ಕಾಲು ಹಿಡಿದು ಕೇಳಿಕೊಂಡೆ. ನರ್ಸ್ ಮೂಗು ಮುರಿದು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಈಗ ಅದು ನನ್ನ ಅಡುಗೆಮನೆಯಲ್ಲಿದೆ. ಮಗು ಕಣ್ಣು ಬಿಟ್ಟ ಕೂಡಲೇ ಕೇಳಿದ್ದು ಅದನ್ನೇ, ನನ್ನ ಕೂದಲೆಲ್ಲಿ ಅಜ್ಜಿ ಅಂತ. ಅಜ್ಜಿಯ ಹತ್ತಿರ ಭದ್ರವಾಗಿದೆ ಅಂದೆ. ಅವಳು ನಂಬಲಿಲ್ಲ. ಅವಳ ಕಣ್ಣಲ್ಲಿದ್ದ ಹೆದರಿಕೆ ನಾನೇ ಹಾಕಿದ್ದು, ತೆಗೆಯುವುದು ಹೇಗೆಂದು ಗೊತ್ತಾಗುತ್ತಿಲ್ಲ.

ಅಮ್ಮ


ಟೊರಾಂಟೊ
ಸೆಪ್ಟೆಂಬರ್ 24, 1974

ಅಮ್ಮಾ,

ನಿನ್ನ ಪತ್ರವನ್ನು ಮೆಟ್ಟಿಲ ಮೇಲೆ ಕೂತು ಓದಿದೆ. ಯಜಮಾನಿ ಕರೆಯುತ್ತಿದ್ದಳು, ಏಳಲಿಲ್ಲ.

ನಿನ್ನನ್ನು ಬಯ್ಯುವುದಿಲ್ಲ. ಬಯ್ಯುವುದಾದರೆ ನನ್ನನ್ನೂ ಸೇರಿಸಿ ಬಯ್ಯಬೇಕು. ಡಿಸೆಂಬರ್‌ನಲ್ಲಿ ಬರುತ್ತೇನೆ. ಮತ್ತೆ ಕೆನಡಾದೊಳಗೆ ಬಿಡುತ್ತಾರೋ ಇಲ್ಲವೋ ಎಂದು ಇಷ್ಟು ದಿನ ಹೆದರುತ್ತಿದ್ದೆ. ಈಗ ಬಿಡದಿದ್ದರೆ ಬಿಡಲಿ.

ಒಂದು ಯೋಚನೆ ಬಂದಿದೆ. ಇನ್ನು ಬಾಚಣಿಗೆಗೆ ಬಂದದ್ದನ್ನು ಸುಡಬೇಡ. ನನಗೆ ಕಳಿಸು. ಪರ್ಲೀನ್‌ಗೆ ಹೇಳು, ಅವಳ ಕೂದಲು ಅವಳ ಅಮ್ಮನ ಹತ್ತಿರ ಇರುತ್ತದೆ, ಇಷ್ಟು ದೂರ ಯಾರೂ ಬಂದು ಒಯ್ಯಲಾರರು ಎಂದು. ಬೆರಳಿಗೆ ಸುತ್ತಿ ಕಿತ್ತುಬಂದರೂ ಪರವಾಗಿಲ್ಲ, ಅದನ್ನೂ ಕಳಿಸಲಿ. ಕಿತ್ತೆ ಎಂದು ಅವಳನ್ನು ಗದರಿಸಬೇಡ, ಅಮ್ಮಾ. ಬಾಯಿಗೆ ಮಾತ್ರ ಹಾಕದಿರಲಿ.

ಲಕೋಟೆಯನ್ನು ಬೆಥೆಲ್‌ವರೆಗೆ ಹೊತ್ತುಕೊಂಡು ಹೋಗಬೇಡ. ಜಿಲ್ಪಾಳ ಕಚೇರಿಯಲ್ಲಿ ಕೊಡು. ಇದು ನಿನಗೆ ಕಷ್ಟವೆಂದು ಗೊತ್ತು. ಆದರೆ ನೀನು ಕೊಡುವುದನ್ನು ಮಗು ನೋಡಬೇಕು.

ಆಲ್ತಿಯಾ


ಲಾಗ್‌ವುಡ್ ಪೆನ್
ಅಕ್ಟೋಬರ್ 12, 1974

ಮಗಳು ಆಲ್ತಿಯಾಗೆ,

ಪರ್ಲೀನ್ ಮನೆಗೆ ಬಂದಿದ್ದಾಳೆ. ಮೊನ್ನೆ ಅರ್ಧ ದೀವಿಹಲಸು, ಒಂದು ಮೀನು ತಿಂದಳು. ಒಳಗೆ ನಿಂತಿತು. ಹೊಟ್ಟೆಯ ಮೇಲಿನ ಹೊಲಿಗೆಯನ್ನು ಜಿಲ್ಪಾಳ ಮಗಳಿಗೆ ತೋರಿಸಿ ಜಂಬ ಪಡುತ್ತಾಳೆ.

ಬಟ್ಟೆಯಲ್ಲಿ ಸುತ್ತಿಟ್ಟಿದ್ದನ್ನು ಏನು ಮಾಡುವುದೆಂದು ದಿಕ್ಕು ತೋಚದೆ ಇಷ್ಟು ದಿನ ಉಪ್ಪಿನಲ್ಲಿ ಇಟ್ಟಿದ್ದೆ. ಹೋದ ಶನಿವಾರ ಮಗು ತಾನೇ ಅಂದಳು, "ಸುಡಜ್ಜಿ. ನಾನೂ ನೋಡ್ತೀನಿ." ಅಂಗಳದಲ್ಲಿ ಬೆಂಕಿ ಮಾಡಿದೆವು. ಇಟ್ಟೆ. ಹೊತ್ತಿಕೊಳ್ಳಲಿಲ್ಲ. ಹೊಗೆ, ಬರೀ ಹೊಗೆ. ಮಗು ನನ್ನ ಲಂಗ ಹಿಡಿದುಕೊಂಡು ಬೆಂಕಿಯನ್ನೂ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಏನು ಹೇಳುವುದು? ಸೌದೆ ಹಸಿ ಎಂದು ಒಮ್ಮೆ ಹೇಳಿ ಆಗಿತ್ತು.

ಬೇಲಿಯಾಚೆಯಿಂದ ಜಿಲ್ಪಾ ನೋಡುತ್ತಿದ್ದಳು. ಒಳಗೆ ಹೋಗಿ ತನ್ನ ಎಣ್ಣೆಯ ಬಾಟಲಿ ತಂದು ಕೈಗೆ ಕೊಟ್ಟಳು. ಅದೇ ಬೆರಕೆ ಎಣ್ಣೆ. ನಾನು ಇದ್ದಷ್ಟನ್ನೂ ಸುರಿದೆ. ಭಗ್ಗೆಂದು ಎದೆಯೆತ್ತರ ಎದ್ದಿತು ಬೆಂಕಿ! ಕೋಳಿಗಳೆಲ್ಲ ಕಿರುಚಿ ಓಡಿದವು. ಪರ್ಲೀನ್ ಚಪ್ಪಾಳೆ ತಟ್ಟಿದಳು. ಉರಿದದ್ದು ಎಣ್ಣೆ ಎಂದು ನನಗೆ ಗೊತ್ತು, ಜಿಲ್ಪಾಗೂ ಗೊತ್ತು. ನಾವಿಬ್ಬರೂ ಬಾಯಿ ಬಿಡಲಿಲ್ಲ. ಒರಳನ್ನು ಅವಳು ಇನ್ನೂ ಕೊಟ್ಟಿಲ್ಲ.

ಕಿವಿಯ ಹಿಂದೆ ಎಳ್ಳಿನಷ್ಟೇ ಚಿಕ್ಕ ಕೂದಲು ಮೂಡಿದೆ. ಎಣ್ಣೆಯನ್ನು ಬೆರಳ ತುದಿಯಲ್ಲಿ ಮುಟ್ಟಿಸುತ್ತೇನೆ, ಎಳೆಯುವುದಿಲ್ಲ. ತಲೆ ಬಾಚಿದ ಮೇಲೆ ಮಗು ನನ್ನ ಕಡೆ ತಿರುಗಿ ಬಾಯಿ ಅಗಲಿಸಿ ನಾಲಿಗೆ ಎತ್ತಿ ತೋರಿಸುತ್ತಾಳೆ. ತೋರಿಸೆಂದು ನಾನು ಹೇಳಿಲ್ಲ. ಬೇಡ ಅಂತಲೂ ಹೇಳಲಾಗುತ್ತಿಲ್ಲ, ಯಾಕೆಂದರೆ ಪ್ರತಿ ಸಲವೂ ನಾನು ನೋಡುತ್ತೇನೆ. ನೀನು ಬೇಗ ಬಾ.

ಅಮ್ಮ

ಪ್ರೀತಿಯ ಅಮ್ಮ, ಈ ವಾರದ್ದೆಲ್ಲ ಇದರಲ್ಲಿದೆ. ಸ್ವಲ್ಪ ಬಾಚಣಿಗೆದು, ಸ್ವಲ್ಪ ನಾನು ಕಿತ್ತಿದ್ದು. ಅಜ್ಜಿ ಮಿಸ್ ಜಿಲ್ಪಾ ಕೈಗೆ ಕೊಟ್ಳು. ಮೊದ್ಲು ಲಕೋಟೆ ಬಿಡ್ಲಿಲ್ಲ, ಆಮೇಲೆ ಬಿಟ್ಳು. ಮಿಸ್ ಜಿಲ್ಪಾ ಬೆಳಕಿಗೆ ಹಿಡಿದು ನೋಡ್ಲಿಲ್ಲ, ಅಂಟು ಹಾಕಿ ಗಟ್ಟಿಯಾಗಿ ಮುಚ್ಚಿದ್ರು. ನಾನು ಒಂದೂ ಇಟ್ಕೊಂಡಿಲ್ಲ ಅಮ್ಮ. ಪರ್ಲೀನ್.